ನಾಲ್ಕು ಬೆರಳಿನಷ್ಟು ಅನುಮತಿ

ಅಷ್ಟೂ ರಾದ್ಧಾಂತಕ್ಕೆ ಕಾರಣ ಅರ್ಧ ಹಾಳೆಯ ಒಂದು ಅರ್ಜಿ. ಬೆಳಿಗ್ಗೆ ಹತ್ತಕ್ಕೆ ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲ ಸಂದಿಯಿಂದ ಅದು ಒಳಗೆ ಜಾರಿ ಬಂತು. ಬಂದದ್ದು ಅಲ್ಲೇ ಬಿದ್ದಿದ್ದರೂ ಆಗುತ್ತಿತ್ತು. ಬೇಡಪ್ಪ ಅದನ್ನು ಎತ್ತಿಕೊಂಡ, ಓದಿದ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. ಅಲ್ಲಿಗೆ ಅವನ ದಿನ ಕೆಟ್ಟಿತು.

ಬೇಡಪ್ಪ ಅನ್ನೋದು ಹೆತ್ತವರಿಟ್ಟ ಹೆಸರಲ್ಲ, ಗ್ರಂಥಾಲಯದವರು ಇಟ್ಟದ್ದು. ಏನು ಕೇಳಿದರೂ ಅವನ ಬಾಯಿಂದ ಮೊದಲು ಬರುವ ಮಾತು ‘ಬೇಡ’. ಪಾಪ, ಅದರಲ್ಲಿ ಅವನ ತಪ್ಪೇನಿಲ್ಲ. ಹನ್ನೊಂದು ವರ್ಷದಿಂದ ಅವನಿಗೆ ಸಂಬಳ ಬರುತ್ತಿದ್ದದ್ದೇ ಬೇಡ ಅನ್ನುವುದಕ್ಕೆ.

ಗ್ರಂಥಾಲಯದ ದೊಡ್ಡ ಕಂಪ್ಯೂಟರಿನ ಒಳಗೆ ಇನ್ನೊಂದು ಕಂಪ್ಯೂಟರಿತ್ತು. ಕೈಯಲ್ಲಿ ಮುಟ್ಟುವಂಥದ್ದಲ್ಲ, ಬರೀ ಲೆಕ್ಕಾಚಾರದಲ್ಲಿ ಕಟ್ಟಿದ ಸುಳ್ಳು ಕಂಪ್ಯೂಟರು. ವರ್ಚುವಲ್ ಮಷೀನ್ ಅನ್ನುತ್ತಾರೆ. ಹೊರಗಿನವರು ಬರೆದುಕೊಟ್ಟ ಪ್ರೋಗ್ರಾಮುಗಳೆಲ್ಲ ಅದರೊಳಗೇ ಓಡಬೇಕು. ಪುಸ್ತಕ ಕೊಡುವ ಪ್ರೋಗ್ರಾಮು, ವಾಪಸ್ ತರದವರಿಗೆ ನೆನಪಿಸುವ ಪ್ರೋಗ್ರಾಮು, ಗೇಟು ತೆಗೆದು ಹಾಕುವ ಪ್ರೋಗ್ರಾಮು, ಹೀಗೆ ಮೂವತ್ತೆಂಟು. ಯಾವುದು ಏನು ಮಾಡಬಹುದು, ಯಾವ ಕಡತ ಓದಬಹುದು, ಯಾವ ಬಾಗಿಲು ತಟ್ಟಬಹುದು ಅನ್ನುವುದಕ್ಕೆ ಒಂದು ಅನುಮತಿ ಪಟ್ಟಿ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಏನೂ ಇಲ್ಲ. ಆ ಪಟ್ಟಿಯ ಯಜಮಾನ ಬೇಡಪ್ಪ.

“ಬಾಗಿಲು ನಾಲ್ಕು ಬೆರಳು ತೆಗೆದ್ರೆ ಕೆಲಸ ಆಗತ್ತೆ ಅಂದ್ರೆ, ಐದನೇ ಬೆರಳು ಯಾಕೆ?” ಅನ್ನುವುದು ಅವನ ಮಾತು. ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಮನೆಯಲ್ಲಿ ಹೆಂಡತಿ ಇದನ್ನು ಕೇಳಿ ಕೇಳಿ, ಅವನು ಫ್ರಿಜ್ಜಿಗೆ ಕೈ ಹಾಕಿದಾಗೆಲ್ಲ “ರೀ, ಅರ್ಜಿ ಎಲ್ಲಿ?” ಅಂತ ಕೇಳುವುದನ್ನು ರೂಢಿ ಮಾಡಿಕೊಂಡಿದ್ದಳು.

ಅವತ್ತಿನ ಅರ್ಜಿಯಲ್ಲಿ ಇದ್ದದ್ದು ಇಷ್ಟು. ಪ್ರೋಗ್ರಾಮಿನ ಹೆಸರು: ಪುಟ್ಟ. ಬರೆದವರು: ಹಿತೈಷಿಗಳು. ಬೇಕಾದ ಅನುಮತಿ: ಒಂದು, ಎರಡನೇ ಮಹಡಿಯ ಖಾಲಿ ಕೋಣೆಯ ಕ್ಯಾಮೆರಾದಲ್ಲಿ ನೋಡಲು. ಎರಡು, ಏಳನೇ ನಂಬರಿನ ಪರದೆಯ ಮೇಲೆ ಬರೆಯಲು. ಮೂರು, ಸಂಜೆ ನಾಲ್ಕು ಗಂಟೆಗೆ ತಾನಾಗಿ ಏಳಲು. ನಾಲ್ಕು, ಮಾಡಿದ್ದನ್ನು ದಾಖಲೆ ಪುಸ್ತಕದಲ್ಲಿ ಬರೆಯದೆ ಇರಲು.

“ಅಯ್ಯಯ್ಯೋ!” ಅಂದ ಬೇಡಪ್ಪ, ಒಬ್ಬನೇ ಇದ್ದರೂ ಜೋರಾಗಿ. “ಇದು ಪ್ರೋಗ್ರಾಮಲ್ಲ, ಹಾಡಹಗಲು ಕನ್ನ ಹಾಕೋ ಕಳ್ಳ!”

ಏಳನೇ ನಂಬರಿನ ಪರದೆ ಬೇರೆ ಯಾರದ್ದೂ ಅಲ್ಲ, ಅವನ ಮೇಜಿನ ಮೇಲೆ ಕೂತಿದ್ದ ಅವನದ್ದೇ ಪರದೆ. ಅದಕ್ಕಿಂತ ಅವನನ್ನು ಕೆಣಕಿದ್ದು ಮೊದಲನೇ ಸಾಲು. ಎರಡನೇ ಮಹಡಿಯ ಖಾಲಿ ಕೋಣೆ! ಆ ಕೋಣೆಯ ಮೇಲೆ ಅವನು ಪ್ರಾಣ ಇಟ್ಟುಕೊಂಡಿದ್ದ.

ಮೆಟ್ಟಿಲ ಕೆಳಗಿನ ಅವನ ಕೋಣೆಗೆ ಕಿಟಕಿ ಇರಲಿಲ್ಲ. ಯಂತ್ರಗಳು ಬಿಸಿಯಾಗಬಾರದು ಅಂತ ಒಳಗೆ ಗಡಗಡ ನಡುಗಿಸುವ ಎಸಿ. ಬೇಸಿಗೆಯಲ್ಲೂ ಸ್ವೆಟರು. ಹೊರಗೆ ಮಳೆಯೋ ಬಿಸಿಲೋ ಅಂತ ಗೊತ್ತಾಗುತ್ತಿದ್ದದ್ದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಹೊರಗೆ ಬಂದಾಗ, ಕೌಂಟರಿನ ಪಕ್ಕ ಒದ್ದೆ ಕೊಡೆಗಳು ಕಂಡರೆ. ಕಾಣದಿದ್ದರೆ ಕೌಂಟರಿನ ಅಕ್ಕನನ್ನೇ ಕೇಳುತ್ತಿದ್ದ: “ಹೊರಗೆ ಹೇಗಿದೆ ಅಕ್ಕ?” ಹನ್ನೊಂದು ವರ್ಷ ದಿನಾ ಕೇಳಿದ ಪ್ರಶ್ನೆ ಅದು.

ಹಿಂದಿನ ತಿಂಗಳು ಮೇಲಿನ ಕೋಣೆ ಖಾಲಿಯಾಯಿತು. ಬೀದಿ ಕಡೆಗೆ ಎಷ್ಟು ದೊಡ್ಡ ಕಿಟಕಿ ಅಂದರೆ ಇಬ್ಬರು ಕೈ ಚಾಚಿ ನಿಂತರೂ ಮುಚ್ಚಲಾಗದು. ಗ್ರಂಥಾಲಯದ ಮುಖ್ಯಸ್ಥೆ ದೊಡ್ಡ ಮೇಡಂ ಹಿಂದಿನ ದಿನವಷ್ಟೇ ಅವನನ್ನು ಕರೆದು, “ನಾಳೆ ಸಂಜೆ ನಾಲ್ಕಕ್ಕೆ ತಪಾಸಣೆಯವರು ಬರ್ತಾರೆ. ಅವರ ಬಾಯಲ್ಲಿ ಒಂದು ದೂರು ಬರದೇ ಹೋದ್ರೆ ಆ ಕೋಣೆ ನಿಮ್ದು. ಯಾರಿಗೂ ಹೇಳ್ಬೇಡಿ, ಎಲ್ಲರೂ ಕೇಳ್ತಾರೆ,” ಅಂದಿದ್ದರು. ಅವನು ಹೆಂಡತಿಗೂ ಹೇಳಿರಲಿಲ್ಲ. ಆಗಲೇ ಯಾವನೋ ಆ ಕೋಣೆಗೆ ಕಣ್ಣು ಹಾಕಿದ್ದಾನಲ್ಲ!

ಕೆಂಪು ಪೆನ್ನು ತೆಗೆದು ಅರ್ಜಿಯ ಮೇಲೆ ‘ಬೇಡ’ ಅಂತ ಬರೆದು, ಎರಡು ಸಲ ಗೆರೆ ಎಳೆದು, ಸಂದಿಯಿಂದ ಹೊರಗೆ ತಳ್ಳಿದ.

ಹತ್ತು ನಿಮಿಷಕ್ಕೆ ಬಾಗಿಲು ಬಡಿಯಿತು. ಕೌಂಟರಿನ ಅಕ್ಕ. ವಯಸ್ಸಿನಲ್ಲಿ ಅವನಿಗಿಂತ ಎಂಟು ವರ್ಷ ಚಿಕ್ಕವಳಾದರೂ ಇಡೀ ಗ್ರಂಥಾಲಯಕ್ಕೆ ಅಕ್ಕ.

“ಅಲ್ಲ, ಪಾಪದ ಪುಟ್ಟನ್ನ ಯಾಕೆ ವಾಪಸ್ ಕಳಿಸಿದ್ರಿ?”

“ಪುಟ್ಟ ನಿಮಗೆ ಹೇಗೆ ಗೊತ್ತು?”

“ಗೊತ್ತು. ಒಳ್ಳೆಯವನು. ನಾನು ಜವಾಬ್ದಾರಿ. ಕೊಡಿ.”

“ಏನು ಮಾಡ್ತಾನೆ ಹೇಳಿ, ಕೊಡ್ತೀನಿ.”

“ಹೇಳೋ ಹಾಗಿಲ್ಲ.”

“ಹಾಗಾದ್ರೆ ಕೊಡೋ ಹಾಗಿಲ್ಲ.”

ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. “ನಿಮ್ಮನ್ನ ಕಟ್ಟಿಕೊಂಡೋಳಿಗೆ ನಿಜಕ್ಕೂ ಸನ್ಮಾನ ಮಾಡ್ಬೇಕು,” ಅಂತ ಹೇಳಿ ಹೊರಟುಹೋದಳು.

ಅವಳು ಹೋಗಿ ಅರ್ಧ ಗಂಟೆಯಾಗಿರಲಿಲ್ಲ, ಅಂಟು ಮಾಮ ಬಂದರು. ಹರಿದ ಪುಸ್ತಕಕ್ಕೆ ಅಂಟು ಹಚ್ಚಿ ರಟ್ಟು ಕಟ್ಟುವುದು ಅವರ ಕೆಲಸ. ಮೂವತ್ತು ವರ್ಷದಿಂದ ಅವರ ಹತ್ತು ಬೆರಳೂ ಒಂದಕ್ಕೊಂದು ಅಂಟಿಕೊಂಡೇ ಇವೆ ಅಂತ ಪ್ರತೀತಿ. ಕಂಪ್ಯೂಟರ್ ಕಂಡರೆ ಮಾರು ದೂರ ನಿಲ್ಲುವ ಮನುಷ್ಯ ಅವತ್ತು ಸೀದಾ ಒಳಗೆ ಬಂದು ಕುರ್ಚಿಯೆಳೆದು ಕೂತರು.

“ಏನಯ್ಯಾ, ಆ ಪುಟ್ಟ ಅಂತೆ. ಬಿಟ್ಟುಬಿಡಯ್ಯಾ ಒಳಗೆ. ಏನು ಹೋಗತ್ತೆ ನಿನ್ನ ಗಂಟು?”

“ಮಾಮ, ಪುಟ್ಟ ಅಂದ್ರೆ ಏನು ಅಂತ ಗೊತ್ತಾ ನಿಮಗೆ?”

“ಗೊತ್ತಿಲ್ಲ. ಆದ್ರೆ ಸೇರಿಸ್ಕೋ.”

ಬೇಡಪ್ಪನಿಗೆ ಬೆವರು ಬಂತು, ಆ ಎಸಿಯಲ್ಲೂ. ಕಂಪ್ಯೂಟರ್ ಗಂಧವೇ ಇಲ್ಲದ ಅಂಟು ಮಾಮನನ್ನೂ ಒಲಿಸಿಕೊಂಡಿದೆ ಅಂದರೆ ಇದು ಸಾಮಾನ್ಯದ ಪ್ರೋಗ್ರಾಮಲ್ಲ. ಮಧ್ಯಾಹ್ನದ ಒಳಗೆ ಪತ್ರಿಕೆ ವಿಭಾಗದವರು ಬಂದು ಹೋದರು, ಕಸ ಗುಡಿಸುವವರು ಬಂದು ಹೋದರು, ಟೀ ತರುವವನು ಲೋಟ ಇಡುತ್ತಾ “ಪುಟ್ಟಂಗೆ ಸ್ವಲ್ಪ ದಯೆ ತೋರ್ಸಿ ಸಾರ್,” ಅಂದ. ಪುಟ್ಟನ ಪರ ಬಂದವರು ಹೆಚ್ಚಾದಷ್ಟೂ ಬೇಡಪ್ಪನ ಅನುಮಾನ ಹೆಚ್ಚಾಯಿತು.

ಒಂದೂವರೆಗೆ ಫೋನು. ಹೆಂಡತಿ.

“ರೀ, ಅದೇನೋ ಪುಟ್ಟ ಅಂತೆ. ಕೊಟ್ಟುಬಿಡ್ರೀ.”

ಬೇಡಪ್ಪ ಕುರ್ಚಿಯಿಂದ ಎದ್ದೇ ನಿಂತ. “ನಿನಗೆ ಯಾರು ಹೇಳಿದ್ರು? ನಿಜ ಹೇಳು. ಯಾವುದಾದ್ರೂ ಲಿಂಕ್ ಒತ್ತಿದ್ಯಾ? ಓಟಿಪಿ ಗೀಟಿಪಿ ಕೊಟ್ಯಾ?”

“ಏನ್ ಮನುಷ್ಯರಪ್ಪ ನೀವು!” ಅಂತ ಅವಳು ಫೋನಿಟ್ಟಳು. ಇಡುವ ಮೊದಲು ಆ ಕಡೆಯಿಂದ ಕಿಸಕ್ಕನೆ ನಕ್ಕಂತೆ ಕೇಳಿಸಿತು. ಕಳ್ಳ ಮನೆಯವರೆಗೂ ಹೋಗಿದ್ದಾನೆ!

ಇನ್ನು ಸುಮ್ಮನಿದ್ದರೆ ಆಗದು ಅಂತ ಬೇಡಪ್ಪ ತೋಳು ಮಡಿಸಿದ. ಇಂಥ ಕಳ್ಳರನ್ನು ಹಿಡಿಯುವುದಕ್ಕೆ ಅವನ ಹತ್ತಿರ ಒಂದು ಉಪಾಯವಿತ್ತು. ಪಕ್ಕದಲ್ಲೇ ಒಂದು ಪರೀಕ್ಷೆಯ ಯಂತ್ರ, ಅದರಲ್ಲಿ ನಿಜವಾದ ಪುಸ್ತಕ ಒಂದೂ ಇಲ್ಲ, ಬರೀ ನಾಟಕದ ಸಾಮಾನು. ಅಲ್ಲಿ ಪುಟ್ಟನನ್ನು ಬಿಟ್ಟು, ಎಲ್ಲ ಅನುಮತಿಯನ್ನೂ ಕೈಗೆ ಕೊಟ್ಟು, ಮರೆಯಲ್ಲಿ ಕೂತು ನೋಡುವುದು. ಕಳ್ಳನಾದವನು ಎಲ್ಲಿ ಕೈ ಹಾಕುತ್ತಾನೆ ಅಂತ ತಾನೇ ತೋರಿಸಿಕೊಡುತ್ತಾನೆ.

ಆ ಪರೀಕ್ಷೆಗೆಂದೇ ಒಂದು ಹೊಸ ಪಟ್ಟಿ ಬರೆದ. ಅದರಲ್ಲಿ ಎರಡೇ ಸಾಲು. ‘ಪುಟ್ಟನಿಗೆ ಎಲ್ಲವೂ.’ ಅದರ ಕೆಳಗೆ ‘ಈ ಪಟ್ಟಿಯನ್ನು ಬೇರೆ ಯಾರೂ ತಿದ್ದುವಂತಿಲ್ಲ.’ ಬರೆದು, ಪರೀಕ್ಷೆಯ ಯಂತ್ರಕ್ಕೆ ಹಾಕಬೇಕು ಅನ್ನುವಷ್ಟರಲ್ಲಿ ಬಾಗಿಲ ಹೊರಗಿನಿಂದ ಅಂಟು ಮಾಮ ಕೂಗಿದರು: “ಏನಯ್ಯಾ, ಮನಸು ಕರಗಿತಾ?”

“ಇಲ್ಲ ಮಾಮ!” ಅಂತ ಕೂಗುತ್ತಾ ಬೇಡಪ್ಪ ಗುಂಡಿ ಒತ್ತಿದ. ಆ ಕೂಗಿನ ಗಡಿಬಿಡಿಯಲ್ಲಿ ಪಟ್ಟಿ ಹೋಗಿ ಕೂತದ್ದು ಪರೀಕ್ಷೆಯ ಯಂತ್ರದಲ್ಲಲ್ಲ, ನಿಜವಾದ ಯಂತ್ರದಲ್ಲಿ, ಹಳೇ ಪಟ್ಟಿಯ ಜಾಗದಲ್ಲಿ. ಅವನಿಗೆ ಅದು ಗೊತ್ತಾಗಲಿಲ್ಲ. ಕಳ್ಳ ಬಲೆಗೆ ಬೀಳಲು ಐದು ನಿಮಿಷ ಬೇಕು, ಅಷ್ಟರಲ್ಲಿ ಮುಖ ತೊಳೆದು ಬರೋಣ ಅಂತ ಎದ್ದು ಹೊರಗೆ ಬಂದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಮುಖ ತೊಳೆದು ಬಂದು ಕಾರ್ಡು ತೋರಿಸಿದ. ಬಾಗಿಲ ಮೇಲಿನ ಪುಟ್ಟ ಪರದೆಯಲ್ಲಿ ಕೆಂಪು ಅಕ್ಷರ ಬಂತು: ಅನುಮತಿ ಇಲ್ಲ.

“ನಾನು ಕಣೋ,” ಅಂದ ಬೇಡಪ್ಪ ಬಾಗಿಲಿಗೆ. ಕಾರ್ಡನ್ನು ಸ್ವೆಟರಿಗೆ ಉಜ್ಜಿ ಮತ್ತೆ ತೋರಿಸಿದ. ಅನುಮತಿ ಇಲ್ಲ.

ಅಷ್ಟು ಹೊತ್ತಿಗೆ ಹಜಾರದಿಂದ ಗಲಾಟೆ ಕೇಳಿಸಿತು. ಅಕ್ಕನ ಕೌಂಟರಿನ ಮುಂದೆ ಇಪ್ಪತ್ತು ಜನ. ಪುಸ್ತಕ ತೆಗೆದುಕೊಳ್ಳಲು ಬಂದವರಿಗೆ ಅನುಮತಿ ಇಲ್ಲ, ವಾಪಸ್ ಕೊಡಲು ಬಂದವರಿಗೂ ಅನುಮತಿ ಇಲ್ಲ. ವಾಪಸ್ ಕೊಡಲು ಬಂದ ಒಬ್ಬ ಅಜ್ಜಿ, “ಕದಿಯೋಕೆ ಬಿಡಲ್ಲ ಅಂದ್ರೆ ಅರ್ಥ ಆಗತ್ತೆ ಕಣಮ್ಮಾ, ಹಿಂದಿರುಗಿಸೋಕೂ ಬಿಡಲ್ವಾ?” ಅಂತ ಕೇಳುತ್ತಿದ್ದರು. ಅಕ್ಕನ ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಪಟ್ಟಿಯಲ್ಲಿರುವ ಹೆಸರು, ಒಂದು.

ಬೇಡಪ್ಪ ಆ ‘ಒಂದು’ ನೋಡಿದ. ಯಾರದು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಕೌಂಟರಿನ ಅಂಚು ಹಿಡಿದುಕೊಂಡ. ಹನ್ನೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದ ಮನೆಯಲ್ಲಿ ಈಗ ಮನೆಯವರೆಲ್ಲ ಹೊರಗೆ, ಕಳ್ಳನೊಬ್ಬ ಒಳಗೆ!

“ಸ್ವಿಚ್ಚು ಆರಿಸಿಬಿಡಯ್ಯಾ,” ಅಂದರು ಅಂಟು ಮಾಮ.

“ಸ್ವಿಚ್ಚು ನನ್ನ ಕೋಣೆ ಒಳಗಿದೆ.”

“ಕರೆಂಟೇ ತೆಗೆಸು.”

“ಬ್ಯಾಟರಿ ಇದೆ ಮಾಮ, ಆರು ಗಂಟೆ ಬರತ್ತೆ. ನಾನೇ ಹಠ ಮಾಡಿ ಹಾಕಿಸಿದ್ದು.”

“ಕಿಟಕಿಯಿಂದ ಹತ್ತಿ ಒಳಗೆ ಹೋಗೋಣ ಅಂದ್ರೆ...” ಅಂತ ಶುರು ಮಾಡಿದ ಮಾಮ, ಬೇಡಪ್ಪನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಏನೋ ಹೊಳೆದವರ ಹಾಗೆ, “ಬೆಂಕಿ ಬಿದ್ರೆ ಬಾಗಿಲೆಲ್ಲ ತಾನಾಗೇ ತೆಗೆಯತ್ತೆ ಅಂತ ಹೇಳಿದ್ದೆಯಲ್ಲ? ಒಂಚೂರು ರದ್ದಿ ಕಾಗದ ತರ್ತೀನಿ...”

“ಮಾಮಾ! ಇದು ಗ್ರಂಥಾಲಯ!”

ಇಷ್ಟು ಸಾಲದು ಅನ್ನುವ ಹಾಗೆ ಮುಂಬಾಗಿಲಿನಲ್ಲಿ ಖಣ್ ಅಂತ ಸದ್ದಾಯಿತು. ಒಬ್ಬೊಬ್ಬರನ್ನೇ ಬಿಡುವ ಕಂಬಿಗೇಟಿನಲ್ಲಿ ಕೋಟು ಹಾಕಿಕೊಂಡ ದಪ್ಪ ಮನುಷ್ಯರೊಬ್ಬರು ಸಿಕ್ಕಿಕೊಂಡಿದ್ದರು. ಹೊಟ್ಟೆಯ ಮುಂದೊಂದು ಕಂಬಿ, ಬೆನ್ನ ಹಿಂದೊಂದು ಕಂಬಿ, ಕೈಯಲ್ಲಿ ಚರ್ಮದ ಚೀಲ. ನಾಲ್ಕಕ್ಕೆ ಬರಬೇಕಾದ ತಪಾಸಣೆಯವರು ಮೂರಕ್ಕೇ ಬಂದುಬಿಟ್ಟಿದ್ದರು.

ಬೇಡಪ್ಪನ ಕಣ್ಣ ಮುಂದೆ ಮೇಲಿನ ಕೋಣೆಯ ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು.

“ಏನ್ರೀ ಇದು?” ಅಂದರು ತಪಾಸಣೆಯವರು.

ಅಂಟು ಮಾಮ ಏನೂ ಆಗದವರಂತೆ ಹೋಗಿ, ಕಂಕುಳಲ್ಲಿದ್ದ ಹೊಸದಾಗಿ ರಟ್ಟು ಕಟ್ಟಿದ ಪುಸ್ತಕವನ್ನು ಅವರ ಕೈಗಿಟ್ಟರು. “ಇಲ್ಲಿ ಪದ್ಧತಿ ಸ್ವಾಮಿ. ದೊಡ್ಡವರು ಬಂದ್ರೆ ಮೊದಲು ಒಂದು ಪುಸ್ತಕ ಓದಿಸಿಯೇ ಒಳಗೆ ಬಿಡೋದು.” ಅದು ಜೇನು ಸಾಕುವುದು ಹೇಗೆ ಅನ್ನುವ ಪುಸ್ತಕ. ತಪಾಸಣೆಯವರು ಅನುಮಾನದಿಂದಲೇ ಮೊದಲ ಪುಟ ತೆಗೆದರು.

ಬೇಡಪ್ಪ ಅಕ್ಕನನ್ನು ಕೌಂಟರಿನ ಮೂಲೆಗೆ ಕರೆದ. “ಅಕ್ಕ, ಒಂದು ಮಾತು. ಈ ಪುಟ್ಟನ್ನ ಬರೆದೋರು ಯಾರು? ದಯವಿಟ್ಟು ಹೇಳಿ. ಅವನೊಬ್ಬನಿಗೇ ಈಗ ಎಲ್ಲ ಅಧಿಕಾರ ಇರೋದು. ಅವರ ಕಾಲಾದ್ರೂ ಹಿಡೀತೀನಿ.”

“ಕಾಲು ಹಿಡಿಯೋದು ಬೇಡ. ನಾನೇ.”

“ಆಂ?”

“ನಾನೇ ಬರೆದದ್ದು. ಆರು ತಿಂಗಳಾಯ್ತು ಕಲಿಯೋಕೆ ಶುರು ಮಾಡಿ. ಇಲ್ಲಿಂದಾನೇ ಪುಸ್ತಕ ತಗೊಂಡು ಹೋಗಿ ಮನೇಲಿ ಓದ್ತಿದ್ದೆ. ನಿಮ್ಮನ್ನ ಹೇಳಿಕೊಡಿ ಅಂತ ಒಂದ್ಸಲ ಕೇಳಿದ್ದೆ. ಏನಂದ್ರಿ ನೆನಪಿದೆಯಾ?”

ನೆನಪಿರಲಿಲ್ಲ. ಆದರೆ ಏನಂದಿರಬಹುದು ಅಂತ ಊಹಿಸುವುದು ಕಷ್ಟವಿರಲಿಲ್ಲ. ಬೇಡಪ್ಪ ತಲೆ ತಗ್ಗಿಸಿದ.

“ನಮ್ಮ ಹಳೇ ಪಟ್ಟೀದು ಒಂದು ಪ್ರತಿ ದಿನಾ ಬೆಳಿಗ್ಗೆ ಎತ್ತಿಡ್ತೀನಿ ಅಕ್ಕ. ಬರೆದೋರು ನೀವು, ನಿಮ್ಮ ಪರದೆಯಿಂದಲೇ ಪುಟ್ಟನಿಗೆ ಎರಡು ಸಾಲು ಸೇರಿಸಿ. ಆ ಪ್ರತಿ ತಗೊಂಡು ಬಂದು ಈಗಿನದರ ಜಾಗದಲ್ಲಿ ಇಟ್ಟರೆ ಸಾಕು, ಎಲ್ಲಾ ಸರಿಹೋಗತ್ತೆ.”

“ಸೇರಿಸ್ತೀನಿ. ಆದ್ರೆ ಹಳೇ ಪಟ್ಟಿ ಬಂದ ತಕ್ಷಣ ನನ್ನ ಪುಟ್ಟ ಹೊರಗೆ ಬೀಳ್ತಾನಲ್ಲ? ಅವನ ಹೆಸರೂ ಅದರಲ್ಲಿ ಸೇರ್ಬೇಕು. ನಾಲ್ಕೂ ಅನುಮತಿ. ಏನೂ ಕೇಳ್ದೆ.” ಅಕ್ಕ ಆ ಅರ್ಧ ಹಾಳೆಯನ್ನು ಅವನ ಮುಂದಿಟ್ಟಳು. ಕೆಂಪು ‘ಬೇಡ’ ಇನ್ನೂ ಹಸಿಯಾಗಿಯೇ ಇದ್ದಂತಿತ್ತು.

ಬೇಡಪ್ಪ ಪೆನ್ನು ಹಿಡಿದ. “ಮೂರು ಕೊಡ್ತೀನಿ ಅಕ್ಕ. ದಾಖಲೆ ಬರೆಯದೆ ಇರೋದೊಂದು ಮಾತ್ರ...”

“ನಿಮ್ಮ ಕೋಣೆ ಬಾಗಿಲು ಯಾರ ಕೈಲಿದೆ ಈಗ?”

ಬೇಡಪ್ಪ ಬಾಗಿಲ ಕಡೆ ನೋಡಿದ, ಗೇಟಿನಲ್ಲಿ ನಿಂತ ತಪಾಸಣೆಯವರನ್ನು ನೋಡಿದ, ಪುಸ್ತಕ ಹಿಡಿದು ಕಾದಿದ್ದ ಅಜ್ಜಿಯನ್ನು ನೋಡಿದ. ಆಮೇಲೆ ಅಕ್ಕನ ಮುಖ ನೋಡಿದ. ಹನ್ನೊಂದು ವರ್ಷ ಮಳೆ ಬಂತೋ ಇಲ್ಲವೋ ಅಂತ ಅವನಿಗೆ ನಿಜವನ್ನೇ ಹೇಳಿದ ಮುಖ ಅದು. ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ‘ಬೇಡ’ ಹೊಡೆದು ಹಾಕಿ, ಪಕ್ಕದಲ್ಲಿ ‘ಕೊಟ್ಟಿದೆ’ ಅಂತ ಬರೆದು ಸಹಿ ಹಾಕಿದ. ಕಾರಣ ಕೇಳದೆ ಅವನು ಕೊಟ್ಟ ಮೊದಲ ಅನುಮತಿ ಅದು.

ಅಕ್ಕ ಕೂತು ಟಕಟಕ ಬಡಿದಳು. ನಡುವೆ ಎರಡು ಸಲ ನಾಲಿಗೆ ಕಚ್ಚಿಕೊಂಡು ಅಳಿಸಿದಳು. ಬೇಡಪ್ಪ ಹಿಂದೆ ನಿಂತು ಕೈಕೈ ಹಿಸುಕಿಕೊಂಡ. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಅವಳು “ಹೋಗು ಮಗನೇ,” ಅಂತ ಕೊನೆಯ ಗುಂಡಿ ಒತ್ತಿದಳು.

ಮೊದಲು ಅವಳ ಪರದೆಯ ಮೂಲೆಯ ‘ಒಂದು’ ಹೋಗಿ ‘ಮೂವತ್ತೊಂಬತ್ತು’ ಆಯಿತು. ಆಮೇಲೆ ಅಜ್ಜಿಯ ಪುಸ್ತಕಕ್ಕೆ ರಸೀದಿ ಬಂತು. ಸರದಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮುಂಬಾಗಿಲಿನಲ್ಲಿ ಖಣ್ ಅಂತ ಕಂಬಿ ತಿರುಗಿತು.

“ಬನ್ನಿ ಸಾರ್, ಬನ್ನಿ, ತುಂಬಾ ತೊಂದರೆ ಆಯ್ತು,” ಅಂತ ಬೇಡಪ್ಪ ಓಡಿದ.

“ಒಂದೈದು ನಿಮಿಷ ತಡೀರಿ,” ಅಂದರು ತಪಾಸಣೆಯವರು ತಲೆಯೆತ್ತದೆ. “ರಾಣಿಜೇನು ಗೂಡು ಬಿಡೋ ಜಾಗಕ್ಕೆ ಬಂದಿದ್ದೀನಿ.” ಅಧ್ಯಾಯ ಮುಗಿಸಿ, ಪುಟಕ್ಕೆ ಗುರುತಿಟ್ಟು, ಆಮೇಲೆ ಒಳಗೆ ಬಂದರು. “ಇಪ್ಪತ್ತೆರಡು ವರ್ಷದಿಂದ ಗ್ರಂಥಾಲಯಗಳ ತಪಾಸಣೆ ಮಾಡ್ತಿದ್ದೀನಿ. ಒಂದು ಕಡೆನೂ ನನಗೆ ನಿಂತು ಓದೋಕೆ ಬಿಡ್ಲಿಲ್ಲ. ರ್‍ಯಾಕ್ ನೋಡಿ, ರಿಜಿಸ್ಟರ್ ನೋಡಿ, ಟೀ ಕುಡೀರಿ. ಪುಸ್ತಕ ಕೊಟ್ಟೋರು ನೀವೇ ಮೊದಲು. ನಿಮಗೆಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು.” ವರದಿಯಲ್ಲಿ ದೂರು ಅನ್ನುವ ಜಾಗದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದರು.

ಬೇಡಪ್ಪನಿಗೆ ಆ ಗೆರೆಯ ಮೇಲೆ ನಡೆದುಕೊಂಡೇ ಎರಡನೇ ಮಹಡಿಗೆ ಹೋಗಬಹುದು ಅನ್ನಿಸಿತು. ದೂರಿಲ್ಲ! ಕಿಟಕಿ ತನ್ನದು!

“ನಾಲ್ಕಾಯ್ತು, ಬನ್ನಿ ಬನ್ನಿ,” ಅಂತ ಅಕ್ಕ ಎಲ್ಲರನ್ನೂ ಮೆಟ್ಟಿಲ ಕೆಳಗಿನ ಕೋಣೆಗೆ ಅಟ್ಟಿದಳು. ದೊಡ್ಡ ಮೇಡಂ ಬಂದರು, ತಪಾಸಣೆಯವರು ಜೇನಿನ ಪುಸ್ತಕದ ಸಮೇತ ಬಂದರು, ಟೀಯವನು ಬಂದ. ಇಬ್ಬರಿಗೆ ಸಾಲದ ಕೋಣೆಯಲ್ಲಿ ಹದಿನಾಲ್ಕು ಜನ. ಎಲ್ಲರ ಹಿಂದೆ ಸೆರಗಿನಲ್ಲಿ ನಗು ಮುಚ್ಚಿಕೊಂಡು ಬೇಡಪ್ಪನ ಹೆಂಡತಿ.

“ನೀನ್ಯಾಕೆ ಇಲ್ಲಿ?”

“ಸುಮ್ನೆ ಪರದೆ ನೋಡ್ರೀ.”

ಏಳನೇ ನಂಬರಿನ ಪರದೆ ಒಮ್ಮೆ ಕಪ್ಪಾಯಿತು. ಆಮೇಲೆ ಅದರ ತುಂಬ ಬೆಳಕು ಬಂತು. ಬೀದಿ ಬದಿಯ ದೊಡ್ಡ ಮರ, ಗಾಳಿಗೆ ಅಲ್ಲಾಡುವ ಎಲೆ, ಸಜ್ಜೆಯ ಮೇಲೆ ಕತ್ತು ಕೊಂಕಿಸುವ ಎರಡು ಪಾರಿವಾಳ, ಕೊಡೆ ಮಡಿಸಿಕೊಂಡು ಹೋಗುವ ಒಬ್ಬ ಮನುಷ್ಯ. ಆಗಷ್ಟೇ ಮಳೆ ನಿಂತು ಬಿಸಿಲು ಬಂದಿತ್ತು. ಮೇಲಿನ ಖಾಲಿ ಕೋಣೆಯ ಕಿಟಕಿಯಲ್ಲಿ ಕಾಣುವುದೆಲ್ಲ ಅವನ ಮೇಜಿನ ಮೇಲೆ ಕಾಣುತ್ತಿತ್ತು. ಕೆಳಗೆ ಒಂದು ಸಾಲು: ‘ಹೊರಗೆ ಹೇಗಿದೆ ಅಂತ ಇನ್ನು ನೀವೇ ನೋಡಿಕೊಳ್ಳಿ.’

“ಈ ಕೋಣೆಗೆ ನೀವು ಬಂದು ಇವತ್ತಿಗೆ ಹನ್ನೊಂದು ವರ್ಷ ತುಂಬಿತು,” ಅಂದಳು ಅಕ್ಕ. “ಆ ವರ್ಷ ಪುಕ್ಕಟೆ ಕ್ಯಾಲೆಂಡರ್ ಅಂತ ಬಂದ ಪ್ರೋಗ್ರಾಮು ಮೂರು ಊರಿನ ಗ್ರಂಥಾಲಯಗಳ ಪುಸ್ತಕ ಪಟ್ಟಿ ನುಂಗಿ ನೀರು ಕುಡೀತಲ್ಲ, ನಮ್ಮಲ್ಲಿ ಒಂದು ಪುಸ್ತಕದ ಹೆಸರೂ ಅಳಿಸಿಹೋಗಲಿಲ್ಲ. ನೀವು ಬೇಡ ಅಂದಿದ್ರಿ. ನಾವೆಲ್ಲ ನಿಮ್ಮನ್ನ ಬೈಕೊಂಡಿದ್ವಿ. ಥ್ಯಾಂಕ್ಸ್ ಹೇಳಿರ್ಲಿಲ್ಲ.”

“ಹೇಳೋಣ ಅಂತಾನೇ ಬೆಳಿಗ್ಗೆಯಿಂದ ಬಾಗಿಲು ಬಡೀತಿದ್ವಲ್ಲಯ್ಯಾ,” ಅಂದರು ಅಂಟು ಮಾಮ.

ಬೇಡಪ್ಪ ಕನ್ನಡಕ ತೆಗೆದ. ಒರೆಸಿದ. ಮತ್ತೆ ಹಾಕಿಕೊಂಡರೂ ಪಾರಿವಾಳ ಮಸುಕಾಗಿಯೇ ಕಂಡಿತು. ಇಷ್ಟು ಜನ ತನಗಾಗಿ ಇಷ್ಟು ದಿನ ಗುಟ್ಟು ಕಾಪಾಡಿದ್ದಾರೆ, ತಾನು ಅವರನ್ನೆಲ್ಲ ಕಳ್ಳನ ಕಡೆಯವರು ಅಂದುಕೊಂಡೆನಲ್ಲ ಅಂತ ನಾಚಿಕೆಯಾಯಿತು. “ನಿಮ್ಮ ಋಣ ನಾನು ಹೇಗೆ...” ಅಂತ ಶುರು ಮಾಡಿದ. ಹೆಂಡತಿ ಬೆನ್ನು ಸವರಿದಳು.

“ಭಲೇ!” ಅಂದರು ತಪಾಸಣೆಯವರು. “ಮೇಡಂ, ಇಂಥ ಹೆಣ್ಣುಮಗಳನ್ನ ಕೌಂಟರಿನಲ್ಲಿ ಯಾಕೆ ಕೂರ್ಸಿದ್ದೀರಿ? ಪ್ರೋಗ್ರಾಮ್ ಬರೆಯೋ ಕೆಲಸ ಕೊಡಿ, ಒಂದು ಒಳ್ಳೆ ಕೋಣೆ ಕೊಡಿ. ನಾನು ವರದೀಲಿ ಬರೀತೀನಿ.”

ದೊಡ್ಡ ಮೇಡಂ ಪರದೆಯ ಮೇಲಿನ ಕಿಟಕಿ ನೋಡಿದರು. ಬೇಡಪ್ಪನನ್ನು ನೋಡಿದರು. ಅವರ ಮುಖದಲ್ಲಿ ಒಂದು ದೊಡ್ಡ ತಲೆನೋವು ಬಗೆಹರಿದವರ ನಗು ಮೂಡಿತು.

“ಕೋಣೆ ಇರೋದು ಒಂದೇ, ಎರಡನೇ ಮಹಡೀದು. ಅದನ್ನ ಬೇರೆಯವರಿಗೆ ಅಂದ್ಕೊಂಡಿದ್ದೆ. ಕಿಟಕಿ ಬೇಕು ಅಂತ ಅವರ ಆಸೆ. ಈಗ ನೋಡಿದ್ರೆ ಕಿಟಕೀನೇ ಅವರ ಹತ್ರ ಬಂದುಬಿಟ್ಟಿದೆ!” ಅವರು ಬೇಡಪ್ಪನ ಕಡೆ ತಿರುಗಿದರು. “ಆ ಕೋಣೆ ಅಕ್ಕನಿಗೆ ಕೊಡೋಣ್ವಾ? ನಿಮ್ಮದೇನೂ ಅಭ್ಯಂತರ ಇಲ್ಲ ತಾನೇ?”

ಹದಿಮೂರು ಜನ ಅವನ ಬಾಯನ್ನೇ ನೋಡಿದರು. ಅಕ್ಕ ಕಣ್ಣು ಪಿಳಿಪಿಳಿ ಬಿಟ್ಟಳು. ಅವಳಿಗೆ ಏನೂ ಗೊತ್ತಿರಲಿಲ್ಲ, ಪಾಪ. ಹನ್ನೊಂದು ವರ್ಷ ದಿನಕ್ಕೆ ನಲವತ್ತು ಸಲ ಹೇಳಿದ ಆ ಎರಡಕ್ಷರದ ಮಾತು ಬೇಡಪ್ಪನ ನಾಲಿಗೆಯ ತುದಿಯವರೆಗೂ ಬಂತು. ಬಂದು ಅಲ್ಲೇ ನಿಂತಿತು. ಎಷ್ಟು ತಳ್ಳಿದರೂ ಹೊರಗೆ ಬೀಳಲಿಲ್ಲ.

“ಕೊಡಿ,” ಅಂದ.

ಮಾರನೆಯ ದಿನ ಬೇಡಪ್ಪ ಎಂದಿನಂತೆ ಸ್ವೆಟರು ಹಾಕಿಕೊಂಡು ಮೆಟ್ಟಿಲ ಕೆಳಗೆ ಕೂತ. ಬೆಳಿಗ್ಗೆಯೆಲ್ಲ ಮರ ನೋಡಿದ, ಪಾರಿವಾಳ ನೋಡಿದ. ಅದರಲ್ಲೊಂದಕ್ಕೆ ಮನಸ್ಸಿನಲ್ಲೇ ಪುಟ್ಟ ಅಂತ ಹೆಸರಿಟ್ಟ. ಸರಿಯಾಗಿ ಮೂರಕ್ಕೆ ಪರದೆ ಪೂರ್ತಿ ಕಪ್ಪಾಯಿತು. ಯಂತ್ರ ಕೆಟ್ಟಿತೋ ಅಂತ ಗಾಬರಿಯಿಂದ ಮೇಲಕ್ಕೆ ಫೋನು ಮಾಡಿದ.

“ಅಯ್ಯೋ, ನಾನೇ ಕಿಟಕಿ ಪರದೆ ಎಳೆದೆ,” ಅಂದಳು ಅಕ್ಕ. “ಈ ಕೋಣೇಲಿ ಮೂರರ ಮೇಲೆ ಬಿಸಿಲು ನೇರ ಕಣ್ಣಿಗೆ ಹೊಡೆಯತ್ತೆ.”

“ಸ್ವಲ್ಪ ತೆಗೀಬಹುದಾ ಅಕ್ಕ?”

“ತೆಗೀಬಹುದು. ಆದ್ರೆ ಬಾಯಿ ಮಾತಲ್ಲಿ ಹೇಗೆ? ಅರ್ಜಿ ಕಳಿಸಿ.”

ಬೇಡಪ್ಪ ನಗುತ್ತಲೇ ಅರ್ಧ ಹಾಳೆ ತೆಗೆದು ಬರೆದ. ಏನು ಬೇಕು: ಕಿಟಕಿಯ ಪರದೆ. ಎಷ್ಟು: ನಾಲ್ಕು ಬೆರಳು. ಯಾವಾಗ: ಮೂರರಿಂದ ಐದು. ಯಾತಕ್ಕೆ: ಪಾರಿವಾಳ. ಟೀಯವನ ಕೈಯಲ್ಲಿ ಮೇಲಕ್ಕೆ ಕಳಿಸಿ, ಕಪ್ಪು ಪರದೆಯನ್ನೇ ನೋಡುತ್ತಾ ಕೂತ.

ಹತ್ತು ನಿಮಿಷಕ್ಕೆ ಕಪ್ಪಿನ ನಡುವೆ ಉದ್ದಕ್ಕೆ ಒಂದು ಬೆಳಕಿನ ಪಟ್ಟಿ ತೆರೆದುಕೊಂಡಿತು. ಅದರಲ್ಲಿ ಅರ್ಧ ಪಾರಿವಾಳ ಕಾಣುತ್ತಿತ್ತು. ಬೇಡಪ್ಪ ಬಗ್ಗಿ ನೋಡಿದ. ಸಜ್ಜೆಯ ಮೇಲಿನ ಇಟ್ಟಿಗೆಯ ಲೆಕ್ಕದಲ್ಲಿ ಅಂದಾಜು ಹಾಕಿದ. ಸರಿಯಾಗಿ ನಾಲ್ಕು ಬೆರಳು. ಐದನೇ ಬೆರಳಿನ ಸುಳಿವೂ ಇರಲಿಲ್ಲ.

“ಚೆನ್ನಾಗಿ ಕಲಿತಿದ್ದಾಳೆ,” ಅಂದುಕೊಂಡ ಬೇಡಪ್ಪ. ಮನಸ್ಸು ತುಂಬಿ ಬಂತು. ಸ್ವೆಟರಿನ ಗುಂಡಿ ಹಾಕಿಕೊಂಡು, ಕುರ್ಚಿಯನ್ನು ಸ್ವಲ್ಪ ಮುಂದಕ್ಕೆಳೆದು, ಉಳಿದರ್ಧ ಪಾರಿವಾಳ ಈ ಕಡೆ ಬರಲಿ ಅಂತ ಕಾದು ಕೂತ.